ಸೈಕಲ್ಲಿನಲ್ಲಿ ಜಂಕ್ಷನ್ ದಾಟುವುದು: ಸ್ಟಾಪ್ ಲೈನಿಗೂ 30 ಮೀಟರ್ ಮೊದಲೇ ಮಾಡಬೇಕಾದ ಕೆಲಸ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ನೇರ ರಸ್ತೆಗಿಂತ ಜಂಕ್ಷನ್ ಕಷ್ಟ. ನೇರ ರಸ್ತೆಯಲ್ಲಿ ಎಲ್ಲರೂ ಒಂದೇ ಕಡೆ ಹೋಗುತ್ತಿರುತ್ತಾರೆ. ಜಂಕ್ಷನ್ ಹತ್ತಿರ ಬಂದಾಗ ಪಕ್ಕದ ಕಾರು ಎಡಕ್ಕೆ ಹೊರಳುತ್ತದೋ ನೇರ ಹೋಗುತ್ತದೋ ನಿಮಗೆ ತಿಳಿಯದು. ನೀವು ಎತ್ತ ಹೊರಟಿದ್ದೀರಿ ಎಂಬುದು ಕಾರಿನವರಿಗೆ ಇನ್ನೂ ತಿಳಿಯದು, ಏಕೆಂದರೆ ಸೈಕಲ್ಲಿಗೆ ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟೂ ಇಲ್ಲ. ಆ ಎರಡೂ ಕೆಲಸವನ್ನು ನೀವು ರಸ್ತೆಯಲ್ಲಿ ಹಿಡಿಯುವ ಜಾಗ, ತಿರುಗಿಸುವ ತಲೆ, ಚಾಚುವ ಕೈ ಮಾಡಬೇಕು. ಅದೂ ಸ್ಟಾಪ್ ಲೈನ್ ಮುಟ್ಟಿದ ಮೇಲಲ್ಲ, 30 ಮೀಟರ್ ಮೊದಲೇ. ಗಂಟೆಗೆ 15 ಕಿ.ಮೀ. ವೇಗದಲ್ಲಿ 30 ಮೀಟರ್ ದಾಟಲು ಸುಮಾರು ಏಳು ಸೆಕೆಂಡು ಬೇಕು. ಹಿಂದೆ ನೋಡಿ, ಕೈ ತೋರಿಸಿ, ಜಾಗ ಬದಲಿಸಿ, ಗೇರ್ ಇಳಿಸಲು ಅಷ್ಟು ಸಾಕು. 10 ಮೀಟರ್ ಉಳಿದಾಗ ಶುರು ಮಾಡಿದರೆ ಎರಡೂವರೆ ಸೆಕೆಂಡೂ ಸಿಗುವುದಿಲ್ಲ. ಆಗ ಒಂದಲ್ಲ ಒಂದನ್ನು ಬಿಟ್ಟೇ ಬಿಡುತ್ತೀರಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಹಿಂದೆ ನೋಡುವುದೇ.

ನೀವಿರುವ ಜಾಗವೇ ಇಂಡಿಕೇಟರ್

ಎಡ ಅಂಚಿಗೆ ಅಂಟಿಕೊಂಡು ಹೋಗುವುದೇ ಸೈಕಲ್ಲಿನವರ ಮರ್ಯಾದೆ ಎಂದು ಬಹಳ ಜನ ನಂಬಿದ್ದಾರೆ. ನೇರ ರಸ್ತೆಯಲ್ಲಿ ಅದು ಸರಿ. ಆದರೆ ನೇರ ಹೋಗಬೇಕಾದವರು ಜಂಕ್ಷನ್ನಿನಲ್ಲೂ ಎಡ ಅಂಚಿನಲ್ಲೇ ಇದ್ದರೆ, ಹಿಂದಿನ ಕಾರಿನವರ ಕಣ್ಣಿಗೆ ಅವರು ಎಡಕ್ಕೆ ತಿರುಗುವವರ ಹಾಗೇ ಕಾಣುತ್ತಾರೆ. ಕಾರು ಓವರ್‌ಟೇಕ್ ಮಾಡುತ್ತದೆ, ಮರುಕ್ಷಣ ಎಡಕ್ಕೆ ಹೊರಳುತ್ತದೆ, ಸೈಕಲ್ ಹೋಗಿ ಅದರ ಎಡ ಬಾಗಿಲಿಗೆ ಬಡಿಯುತ್ತದೆ. ಇಬ್ಬರಿಗೂ ಅವಸರವಿರಲಿಲ್ಲ, ಇಬ್ಬರೂ ತಪ್ಪು ಮಾಡಿದೆವೆಂದು ಒಪ್ಪುವುದಿಲ್ಲ. ಆದರೂ ಸೈಕಲ್ ನಿಂತ ಜಾಗ ಸುಳ್ಳು ಹೇಳಿತ್ತು.

ಆದ್ದರಿಂದ ನೇರ ಹೋಗುವವರು 30 ಮೀಟರ್ ಇರುವಾಗಲೇ ಎಡ ಅಂಚಿನಿಂದ ಸುಮಾರು ಒಂದೂವರೆ ಮೀಟರ್ ಬಲಕ್ಕೆ ಬಂದು, ಎಡ ಲೇನಿನ ನಡುಭಾಗ ಹಿಡಿಯಬೇಕು. ಅಲ್ಲಿದ್ದರೆ ಹಿಂದಿನ ಕಾರು ನಿಮ್ಮ ಹಿಂದೆಯೇ ಬರುತ್ತದೆ, ಪಕ್ಕಕ್ಕೆ ಬರುವುದಿಲ್ಲ. ಹಾರನ್ ಹೊಡೆಯಬಹುದು. ಹೊಡೆಯಲಿ, ಹಾರನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ ಎಂದರ್ಥ. ದಾಟಿದ ಕೂಡಲೇ ಮತ್ತೆ ಎಡಕ್ಕೆ ಸರಿದು ಅವರಿಗೆ ದಾರಿ ಬಿಡಿ; ಆ ಸೌಜನ್ಯ ಮರೆಯಬೇಡಿ.

ಫ್ರೀ ಲೆಫ್ಟ್ ಇರುವ ಕಡೆ ಇದು ಇನ್ನೂ ಮುಖ್ಯ. ಎಡಕ್ಕೆ ಹೋಗುವ ಸಾಲು ಕೆಂಪು ದೀಪವಿದ್ದರೂ ನಿಲ್ಲದೆ ಹರಿಯುತ್ತಿರುತ್ತದೆ. ನೇರ ಹೋಗಬೇಕಾದ ಸೈಕಲ್ ಎಡ ತುದಿಯಲ್ಲಿ ನಿಂತರೆ ಆ ಹರಿವಿಗೆ ಅಡ್ಡ ನಿಂತಂತೆ. ಹಿಂದಿನವರು ಹಾರನ್ ಹೊಡೆದು ಹೊಡೆದು ಕೊನೆಗೆ ಫುಟ್‌ಪಾತ್ ಕಡೆಯಿಂದ ನುಗ್ಗುತ್ತಾರೆ. ರಸ್ತೆ ಮೇಲೆ ಬಾಣದ ಗುರುತಿದ್ದರೆ ನೇರ ಬಾಣದ ಲೇನಿಗೆ ಮೊದಲೇ ಹೋಗಿ, ಅದರ ಎಡ ಭಾಗದಲ್ಲಿ ನಿಲ್ಲಿ. ಗುರುತು ಅಳಿಸಿಹೋಗಿದ್ದರೆ ಒಂದು ಕಾರು ನಿಮ್ಮ ಎಡಗಡೆಯಿಂದ ಆರಾಮಾಗಿ ದಾಟುವಷ್ಟು ಜಾಗ, ಅಂದರೆ ಎರಡೂವರೆ ಮೀಟರ್, ಬಿಟ್ಟು ನಿಲ್ಲಿ. ಇನ್ನು ನೀವೇ ಎಡಕ್ಕೆ ತಿರುಗುವವರಾದರೆ ಫ್ರೀ ಲೆಫ್ಟ್ ಫಲಕ ಅಥವಾ ಹಸಿರು ಬಾಣ ಇದ್ದ ಕಡೆ ಮಾತ್ರ ಕೆಂಪಿನಲ್ಲಿ ತಿರುಗಿ. ಆ ತಿರುವಿನಲ್ಲಿ ರಸ್ತೆ ದಾಟುವ ಜನರಿಗೆ ಬಹಳ ಕಡೆ ಹಸಿರು ದೀಪ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಅವರಿಗೇ ಮೊದಲ ಹಕ್ಕು ಎಂದಿಟ್ಟುಕೊಳ್ಳಿ.

ಹಿಂದೆ ನೋಡಿ, ಬ್ರೇಕ್ ಹಿಡಿದು, ಆಮೇಲೆ ಕೈ

ಈ ಅನುಕ್ರಮಕ್ಕೆ ಕಾರಣವಿದೆ. ನಮ್ಮಲ್ಲಿ ಮಾರುವ ಬಹುತೇಕ ಸೈಕಲ್ಲುಗಳಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕಿನದು. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರ ಹಗುರಾಗಿ ಉಜ್ಜಿಕೊಂಡು ಜಾರುತ್ತದೆ. ಬಲಕ್ಕೆ ತಿರುಗಲು ಬಲಗೈ ಚಾಚಿದ ಹೊತ್ತಿಗೆ ನಿಮ್ಮ ಬಳಿ ಉಳಿಯುವುದು ಹಿಂದಿನ ಬ್ರೇಕ್ ಮಾತ್ರ. ಆ ಕ್ಷಣದಲ್ಲಿ ಮುಂದಿನ ಆಟೊ ಗಿರಾಕಿ ಕಂಡು ಗಕ್ಕನೆ ನಿಂತರೆ ಎಡಗೈಯಿಂದ ಜೋರಾಗಿ ಹಿಡಿದ ಸೈಕಲ್ ಹಾವಿನ ಹಾಗೆ ಹೊರಳುತ್ತದೆ. ವೇಗವನ್ನು ಮೊದಲೇ ಇಳಿಸಿಕೊಂಡಿದ್ದರೆ ಈ ತಾಪತ್ರಯವಿಲ್ಲ. ನಿಮ್ಮ ಸೈಕಲ್ಲಿನಲ್ಲಿ ಯಾವ ಕೈ ಯಾವ ಬ್ರೇಕಿಗೆ ಎಂದು ಇವತ್ತೇ ನೋಡಿಕೊಳ್ಳಿ: ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾ ಬಲ ಲಿವರ್ ಒತ್ತಿ, ಹಿಂದಿನ ಚಕ್ರ ಮೇಲೇಳಲು ನೋಡಿದರೆ ಅದು ಮುಂದಿನ ಬ್ರೇಕ್. ಹೊರದೇಶದಿಂದ ಬಂದ ಕೆಲವು ಸೈಕಲ್ಲುಗಳಲ್ಲಿ ಇದು ಅದಲುಬದಲು.

ಹಿಂದೆ ನೋಡುವುದೆಂದರೆ ಕಣ್ಣನ್ನು ಓರೆ ಮಾಡುವುದಲ್ಲ. ಗಲ್ಲ ಬಲ ಭುಜ ಮುಟ್ಟುವಷ್ಟು ತಲೆ ತಿರುಗಿಸಬೇಕು. ತಿರುಗಿದ ತಲೆಯೇ ಹಿಂದಿನವರಿಗೆ ಮೊದಲ ಸೂಚನೆ. ನೀವು ಕೈ ತೋರಿಸುವ ಮುನ್ನವೇ ಎಷ್ಟೋ ಕಾರಿನವರು ಅಷ್ಟಕ್ಕೇ ವೇಗ ತಗ್ಗಿಸುತ್ತಾರೆ. ಹೊಸಬರು ಬಲಕ್ಕೆ ನೋಡಿದರೆ ಹ್ಯಾಂಡಲ್ಲೂ ಬಲಕ್ಕೆ ಎಳೆಯುತ್ತದೆ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಸುಣ್ಣದ ಪುಡಿಯಿಂದ 10 ಮೀಟರ್ ಗೆರೆ ಎಳೆದು, ಅದರ ಮೇಲೇ ಹೋಗುತ್ತಾ ಹಿಂದೆ ನಿಂತ ಗೆಳೆಯ ಎಷ್ಟು ಬೆರಳು ತೋರಿಸಿದ ಎಂದು ಹೇಳುವ ಅಭ್ಯಾಸ ಮಾಡಿ. ಗೆರೆ ಬಿಡದೆ ಐದು ಸಲ ಸರಿಯಾಗಿ ಹೇಳಿದರೆ ನೀವು ಮುಖ್ಯ ರಸ್ತೆಗೆ ತಯಾರು.

ಕೈಯನ್ನು ಭುಜದ ಮಟ್ಟಕ್ಕೆ ನೇರ ಚಾಚಿ ಎರಡು ಮೂರು ಸೆಕೆಂಡು ಹಿಡಿಯಿರಿ. ಎಡಕ್ಕೆ ಎಡಗೈ, ಬಲಕ್ಕೆ ಬಲಗೈ. ನಿಧಾನಿಸುತ್ತಿದ್ದೇನೆ ಎನ್ನಲು ಬಲಗೈ ಚಾಚಿ ಅಂಗೈ ಕೆಳಗಾಗಿ ಮೇಲೆ ಕೆಳಗೆ ಆಡಿಸಿ. ಆಮೇಲೆ ಎರಡೂ ಕೈ ಹ್ಯಾಂಡಲ್ ಮೇಲೆ ಬರಬೇಕು, ಮತ್ತೊಮ್ಮೆ ಹಿಂದೆ ನೋಡಬೇಕು, ನಂತರವೇ ಸರಿಯಬೇಕು. ಒಂದೇ ಕೈಯಲ್ಲಿ ತಿರುಗಬೇಡಿ, ತಿರುವಿನ ನಡುವೆ ಗುಂಡಿ ಸಿಕ್ಕರೆ ಹ್ಯಾಂಡಲ್ ಕೈತಪ್ಪುತ್ತದೆ. ಹಾಲಿನ ಕ್ಯಾನ್, ಪೇಪರ್ ಕಟ್ಟು, ಹಿಂದೆ ಮಗು ಇದ್ದು ಕೈ ಬಿಡಲಾಗದವರು ತಲೆ ತಿರುಗಿಸುವುದನ್ನು ಮತ್ತು ಜಾಗ ಹಿಡಿಯುವುದನ್ನು ಇನ್ನೂ ಮುಂಚೆ, 40-50 ಮೀಟರ್ ಇರುವಾಗಲೇ ಮಾಡಲಿ.

ಕಾರಿನವರ ಕಡೆಯಿಂದ ಬರುವ ಸೂಚನೆಗಳನ್ನು ಓದುವುದೂ ಒಂದು ವಿದ್ಯೆ. ಇಂಡಿಕೇಟರನ್ನು ಪೂರ್ತಿ ನಂಬಬೇಡಿ. ಹಾಕುವುದನ್ನೂ ಮರೆಯುತ್ತಾರೆ, ಆರಿಸುವುದನ್ನೂ ಮರೆಯುತ್ತಾರೆ. ಗಾಜಿನಲ್ಲಿ ಬಿಸಿಲು ಹೊಳೆಯುವಾಗ ಡ್ರೈವರ್ ಮುಖ ಕಾಣುವುದೇ ಇಲ್ಲ. ಮುಂದಿನ ಚಕ್ರ ನೋಡಿ. ಕಾರಿನ ದೇಹ ಹೊರಳುವ ಮುನ್ನ ಚಕ್ರ ಹೊರಳುತ್ತದೆ. ನಿಂತ ಕಾರು ಹೊರಡುವಾಗಲೂ ಬಂಪರ್ ಅಲುಗುವುದು ತಿಳಿಯುವ ಮೊದಲು ಚಕ್ರದ ಕಡ್ಡಿಗಳು ತಿರುಗುವುದು ಕಾಣುತ್ತದೆ. ಆಟೊದಲ್ಲಾದರೆ ಹೊರಗೆ ಚಾಚಿದ ಕೈ, ಕೆಲವೊಮ್ಮೆ ಕಾಲು. ಎದುರಿನ ವಾಹನ ಹೆಡ್‌ಲೈಟ್ ಮಿನುಗಿಸಿದರೆ ‘ನೀವು ಹೋಗಿ’ ಎಂದುಕೊಂಡು ಹೊರಡಬೇಡಿ. ನಮ್ಮ ರಸ್ತೆಗಳಲ್ಲಿ ಅದರ ಅರ್ಥ ಬಹುಮಟ್ಟಿಗೆ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದೇ.

ಕೆಂಪು ದೀಪದಲ್ಲಿ ಎಲ್ಲಿ ನಿಲ್ಲಬೇಕು

ನಿಲ್ಲುವ ಮುಂಚೆಯೇ ಗೇರ್ ಎರಡು ಮೂರು ಹಂತ ಇಳಿಸಿ. ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ಇರುವ ಸೈಕಲ್ಲಿನಲ್ಲಿ ಚೈನ್ ಓಡುತ್ತಿದ್ದರೆ ಮಾತ್ರ ಗೇರ್ ಬದಲಾಗುತ್ತದೆ. ದೊಡ್ಡ ಗೇರಿನಲ್ಲೇ ನಿಂತವರು ಹಸಿರು ಬಂದಾಗ ಪೆಡಲ್ ಮೇಲೆ ಎದ್ದುನಿಂತು ತೂರಾಡುತ್ತಾ ಹೊರಡುತ್ತಾರೆ, ಹಿಂದೆ ಇಪ್ಪತ್ತು ಸ್ಕೂಟರ್ ಒಟ್ಟಿಗೆ ಹಾರನ್ ಹೊಡೆಯುತ್ತವೆ. ಎಡಗಾಲು ನೆಲಕ್ಕೂರಿ, ಬಲ ಪೆಡಲ್ಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿರುವ ಎತ್ತರಕ್ಕೆ ತಂದಿಟ್ಟುಕೊಳ್ಳಿ. ಒಂದೇ ತುಳಿತಕ್ಕೆ ಸೈಕಲ್ ನೇರ ಹೊರಡುತ್ತದೆ. ಗೇರಿಲ್ಲದ ಸೈಕಲ್ಲಿಗೂ ಇದೇ ಮದ್ದು.

ಸಾಲಿನ ಎಡಗಡೆಯಿಂದ ನುಸುಳಿ ಮುಂದೆ ಹೋಗಬಹುದೇ? ಹೋಗಬಹುದು, ಆದರೆ ನಾಲ್ಕು ವಿಷಯ ಕೂಡಿಬರಬೇಕು. ದೀಪ ಆಗಷ್ಟೇ ಕೆಂಪಾಗಿರಬೇಕು, ಅಥವಾ ಕೌಂಟ್‌ಡೌನ್ ಇರುವ ಕಡೆ 20 ಸೆಕೆಂಡಿಗಿಂತ ಹೆಚ್ಚು ಉಳಿದಿರಬೇಕು. ಸಂದಿ ಕನಿಷ್ಠ ಒಂದು ಮೀಟರ್ ಇರಬೇಕು. ಹ್ಯಾಂಡಲ್ ಅಗಲವೇ 60-70 ಸೆಂ.ಮೀ. ಆ ಸಾಲಿನಲ್ಲಿ ಬಸ್, ಲಾರಿ, ನೀರಿನ ಟ್ಯಾಂಕರ್ ಇರಬಾರದು. ಮತ್ತು ಮುಂದೆ ಹೋದ ಮೇಲೆ ನಿಲ್ಲಲು ಜೀಬ್ರಾ ಪಟ್ಟೆಯ ಹಿಂದೆ ಜಾಗ ಇರಬೇಕು. ನಡೆಯುವವರ ಪಟ್ಟೆಯ ಮೇಲೆ ಸೈಕಲ್ ನಿಲ್ಲಿಸಿ ಕಾರಿನವರ ಶಿಸ್ತಿನ ಬಗ್ಗೆ ಮಾತಾಡಲು ನಮಗೆ ಬಾಯಿಲ್ಲ. ನಾಲ್ಕರಲ್ಲಿ ಒಂದು ತಪ್ಪಿದರೂ ಸಾಲಿನಲ್ಲೇ, ಒಂದು ಕಾರಿನ ಹಿಂದೆ ಇನ್ನೊಂದರ ಮುಂದೆ, ನಡುವಿಗೆ ನಿಲ್ಲಿ. ನಿಂತ ಕಾರುಗಳ ಪಕ್ಕ ನುಸುಳುವಾಗ ನಡೆಯುವ ವೇಗ ಸಾಕು. ಕೆಂಪಿನಲ್ಲಿ ಇಳಿದುಹೋಗುವ ಪ್ಯಾಸೆಂಜರ್ ಎಡ ಬಾಗಿಲನ್ನೇ ತೆರೆಯುವುದು, ಅದು ಸುಮಾರು ಒಂದು ಮೀಟರ್ ಚಾಚುತ್ತದೆ.

ಹಸಿರು ಮುಗಿಯುವಾಗಿನ ಲೆಕ್ಕ ಬೇರೆ. ಹಳದಿ ದೀಪ ಸಾಮಾನ್ಯವಾಗಿ ಮೂರು ಸೆಕೆಂಡಿನಷ್ಟು. ಆ ಮೂರು ಸೆಕೆಂಡಿನಲ್ಲಿ ಗಂಟೆಗೆ 40 ಕಿ.ಮೀ. ವೇಗದ ಕಾರು 33 ಮೀಟರ್ ಹೋಗುತ್ತದೆ, 15ರ ವೇಗದ ಸೈಕಲ್ 12 ಮೀಟರ್. ಅಗಲ ಜಂಕ್ಷನ್ನಿನ ನಡುವಿಗೆ ಬರುವಷ್ಟರಲ್ಲಿ ಅಡ್ಡ ರಸ್ತೆಯವರು ಹೊರಟಿರುತ್ತಾರೆ. ಹೊರ ವರ್ತುಲ ರಸ್ತೆಯಂಥ ಕಡೆ 30 ಮೀಟರ್ ದಾಟಬೇಕೆಂದರೆ ಓಡುತ್ತಿರುವ ಸೈಕಲ್ಲಿಗೆ ಏಳು ಸೆಕೆಂಡು, ನಿಂತು ಹೊರಡುವುದಕ್ಕೆ ಹತ್ತು. ಕೌಂಟ್‌ಡೌನಿನಲ್ಲಿ ಅಷ್ಟು ಉಳಿದಿಲ್ಲವೆಂದರೆ ನಿಲ್ಲಿ. ಆದರೆ ದಿಢೀರನೆ ನಿಲ್ಲಬೇಡಿ: ಹಿಂದಿನವರು ‘ಇನ್ನೂ ಐದು ಸೆಕೆಂಡಿದೆ’ ಎಂದು ಆಕ್ಸಿಲರೇಟರ್ ಒತ್ತುತ್ತಿರುತ್ತಾರೆ. ಹಿಂದೆ ನೋಡಿ, ಅಂಗೈ ಕೆಳಗೆ ಮಾಡಿ ತೋರಿಸಿ, ಎಡಕ್ಕೆ ಸರಿಯುತ್ತಾ ನಿಲ್ಲಿ.

ಬಸ್ಸಿನ ಎಡಗಡೆಗೆ ಹೋಗಲೇಬೇಡಿ

ಇದೊಂದು ವಿಷಯದಲ್ಲಿ ರಾಜಿ ಇಲ್ಲ. 12 ಮೀಟರ್ ಉದ್ದದ ಸಿಟಿ ಬಸ್ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ವಾಲುತ್ತದೆ. ಉದ್ದದ ಗಾಡಿ, ಮೂಲೆ ಸುತ್ತಲು ಜಾಗ ಬೇಕು. ಹಾಗೆ ವಾಲಿದಾಗ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎರಡು ಮೀಟರಿನ ಚೊಕ್ಕ ದಾರಿ ತೆರೆದುಕೊಂಡಂತೆ ಕಾಣುತ್ತದೆ. ಸೈಕಲ್ ಅಲ್ಲಿಗೆ ನುಗ್ಗುತ್ತದೆ. ಮುಂದಿನ ಚಕ್ರ ಮೂಲೆ ದಾಟಿದ ಮೇಲೆ ಹಿಂದಿನ ಚಕ್ರ ಅದೇ ಜಾಡಿನಲ್ಲಿ ಬರುವುದಿಲ್ಲ, ಒಂದು ಮೀಟರಿಗೂ ಹೆಚ್ಚು ಒಳಗೆ, ಮೂಲೆಯ ಕಲ್ಲನ್ನು ಸವರಿಕೊಂಡು ಬರುತ್ತದೆ. ತೆರೆದಿದ್ದ ದಾರಿ ಎರಡು ಮೂರು ಸೆಕೆಂಡಿನಲ್ಲಿ ಮುಚ್ಚುತ್ತದೆ. ಡ್ರೈವರ್ ಬಲಗಡೆ ಎತ್ತರದಲ್ಲಿ ಕೂತಿರುತ್ತಾರೆ. ಎಡಗಡೆ ಬಸ್ಸಿನ ಗೋಡೆಗೆ ಅಂಟಿದಂತಿರುವ ಸೈಕಲ್ಲು ಅವರ ಕನ್ನಡಿಯಲ್ಲೂ ಕಾಣದಿರಬಹುದು. ಬಸ್ ಬಲಕ್ಕೆ ವಾಲಿತೆಂದರೆ ಎಡಕ್ಕೆ ತಿರುಗುತ್ತದೆ ಎಂದೇ ತಿಳಿಯಿರಿ, ಹಿಂದೆ ನಿಲ್ಲಿ.

ಬಸ್ಸಿನ ಮೂತಿಯ ಕೆಳಗೆ ನಿಲ್ಲುವುದೂ ಸರಿಯಲ್ಲ. ಮುಂಭಾಗಕ್ಕೆ ತೀರಾ ಹತ್ತಿರವಿದ್ದರೆ ಗಾಜಿನ ಕೆಳಗಂಚಿನ ಮರೆಯಲ್ಲಿರುತ್ತೀರಿ. ಎರಡು ಮೀಟರಾದರೂ ಮುಂದಿದ್ದು ಹಿಂದಿರುಗಿ ನೋಡಿದಾಗ ಡ್ರೈವರ್ ಕಣ್ಣು ನಿಮಗೆ ಕಂಡರೆ ನೀವು ಅವರಿಗೆ ಕಂಡಂತೆ.

ಬಲಕ್ಕೆ ತಿರುಗುವುದು

ಚಿಕ್ಕ ರಸ್ತೆಯಲ್ಲಿ, ವಾಹನ ಕಡಿಮೆಯಿದ್ದಾಗ, ಎಲ್ಲರ ಹಾಗೆ ಬಲ ಲೇನಿಗೆ ಸರಿದು ತಿರುಗಬಹುದು. ಮೂರು ನಾಲ್ಕು ಲೇನಿನ ರಸ್ತೆಯಲ್ಲಿ ಅದು ಬೇಡ. ಅಲ್ಲಿಗೆ ಎರಡು ಹಂತದ ತಿರುವೇ ಸರಿ, ಅದಕ್ಕೆ ಹಿಡಿಯುವುದು ಹೆಚ್ಚೆಂದರೆ ಇನ್ನೊಂದು ಸಿಗ್ನಲ್.

ನಿಮ್ಮ ಹಸಿರಿನಲ್ಲಿ ನೇರ ಹೋಗುವವರ ಹಾಗೆ ಜಂಕ್ಷನ್ ದಾಟಿ. ಆಚೆ ಬದಿಯ ಎಡ ಮೂಲೆಗೆ ಬರುವಾಗ ಎಡಗೈ ತೋರಿಸಿ ನಿಧಾನಿಸಿ. ಅಲ್ಲಿ, ಎಡಗಡೆಯಿಂದ ಬರುವ ಅಡ್ಡ ರಸ್ತೆಯವರು ನಿಂತಿರುವ ಸಾಲಿನ ಮುಂದೆ, ಅವರ ಜೀಬ್ರಾ ಪಟ್ಟೆ ಬಿಟ್ಟು, ಸೈಕಲ್ಲನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿ. ಈಗ ನೀವು ಅಡ್ಡ ರಸ್ತೆಯ ಮೊದಲ ವಾಹನ. ಅವರಿಗೆ ಹಸಿರು ಬಂದಾಗ ನೇರ ಹೊರಟರೆ ನಿಮ್ಮ ಬಲ ತಿರುವು ಮುಗಿಯಿತು. ಎಡವುವುದು ಎರಡು ಕಡೆ. ಒಂದು, ತಿರುಗಿ ನಿಂತ ಮೇಲೆ ಹಳೆಯ ದೀಪವನ್ನೇ ನೋಡುತ್ತಿರುವುದು. ಈಗ ನಿಮ್ಮ ದೀಪ ಅಡ್ಡ ರಸ್ತೆಯದು. ಇನ್ನೊಂದು, ಅಡ್ಡ ರಸ್ತೆಯ ಫ್ರೀ ಲೆಫ್ಟ್ ಬಾಯಲ್ಲೇ ನಿಲ್ಲುವುದು. ಆ ಮೂಲೆಯಲ್ಲಿ ಆಟೊಗಳು ಸಾಲುಗಟ್ಟಿದ್ದು ನಿಲ್ಲಲು ಜಾಗವೇ ಇಲ್ಲದಿದ್ದರೆ ಇಳಿದು, ಸೈಕಲ್ ತಳ್ಳಿಕೊಂಡು ಪಾದಚಾರಿಗಳ ಜೊತೆ ದಾಟಿ. ಸಿಲ್ಕ್ ಬೋರ್ಡ್, ಹೆಬ್ಬಾಳ, ಗೊರಗುಂಟೆಪಾಳ್ಯದಂಥ ಕಡೆ ಇಳಿದು ತಳ್ಳುವುದರಲ್ಲಿ ಸಂಕೋಚವೇನಿಲ್ಲ. ತಳ್ಳುವಾಗ ಸೈಕಲ್ ವಾಹನಗಳ ಕಡೆಗಿರಲಿ, ನೀವು ಜನರ ಕಡೆಗಿರಿ. ಪೆಡಲ್ ಬೇರೆಯವರ ಮೊಣಕಾಲಿಗೆ ತಾಗುವುದಿಲ್ಲ.

ಸಿಗ್ನಲ್ ಇಲ್ಲದ ಕ್ರಾಸುಗಳು, ಸರ್ಕಲ್ಲುಗಳು

ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ನೂರು ಹೆಜ್ಜೆಗೊಂದು ಕ್ರಾಸ್. ಮೂಲೆಯವರೆಗೂ ಕಾರು ನಿಂತಿರುತ್ತವೆ, ಒಳಗಿನಿಂದ ಬರುವವರು ಮೂತಿ ಹೊರಗಿಟ್ಟ ಮೇಲೇ ನೋಡುತ್ತಾರೆ. ಬೆರಳು ಎರಡೂ ಬ್ರೇಕಿನ ಮೇಲಿರಲಿ, ವೇಗ 10-12 ಕಿ.ಮೀ.ಗೆ ಇಳಿಯಲಿ. ಗಂಟೆಗೆ 20ರಲ್ಲಿ ಹೋಗುವ ಸೈಕಲ್ ಒಣ ರಸ್ತೆಯಲ್ಲೂ ನಿಲ್ಲಲು ಒಂಬತ್ತು ಹತ್ತು ಮೀಟರ್ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಂಡದ್ದಕ್ಕೂ ಬ್ರೇಕ್ ಹಿಡಿದದ್ದಕ್ಕೂ ನಡುವಿನ ಒಂದು ಸೆಕೆಂಡಿಗೇ ಹೋಗುತ್ತದೆ. ದೀಪವಾಗಲಿ ಪೊಲೀಸರಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದು ಮೋಟಾರು ವಾಹನಗಳ ಚಾಲನೆಗೆ ಇರುವ ನಿಯಮ. ಸೈಕಲ್ಲಿನವರೂ ಅದನ್ನೇ ಪಾಲಿಸಿದರೆ ಎಲ್ಲರಿಗೂ ಊಹೆ ಸುಲಭ.

ರಾಂಗ್ ಸೈಡ್ ಹೋಗುವುದು ಇಲ್ಲೇ ಪ್ರಾಣಕ್ಕೆ ಎರವಾಗುವುದು. ಕ್ರಾಸಿನಿಂದ ಎಡಕ್ಕೆ ಹೊರಬರುವ ಡ್ರೈವರ್ ಬಲಕ್ಕೆ ಮಾತ್ರ ನೋಡುತ್ತಾರೆ, ವಾಹನ ಬರುವುದು ಅಲ್ಲಿಂದ ತಾನೆ. ಅವರ ಎಡಗಡೆಯಿಂದ ಬರುವ ಸೈಕಲ್ ಅವರ ಲೆಕ್ಕದಲ್ಲೇ ಇಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಬೇರೆಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದ್ದು ಇದು. ಯು-ಟರ್ನ್ ದೂರವೆಂದು ಐವತ್ತು ಮೀಟರ್ ಉಲ್ಟಾ ಹೋಗುವ ಬದಲು ಆ ಐವತ್ತು ಮೀಟರ್ ಫುಟ್‌ಪಾತಿನಲ್ಲಿ ತಳ್ಳಿಕೊಂಡು ಹೋಗಲಿ.

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದ ಮೇಲೆ ಪ್ರವಾಸಿಗರೂ ಅಲ್ಲಿನ ವೃತ್ತಗಳಿಗೆ ಸೈಕಲ್ಲಿನಲ್ಲಿ ಇಳಿದರು. ವೃತ್ತದಲ್ಲಿ ಒಳಗೆ ಸುತ್ತುತ್ತಿರುವವರಿಗೆ ಆದ್ಯತೆ, ಹೊರಗಿನವರು ಕಾಯಬೇಕು. ಒಳಗೆ ಹೋದ ಮೇಲೆ ಅಂಚಿಗೆ ಅಂಟಿಕೊಂಡು ಸುತ್ತಿದರೆ ಪ್ರತಿ ರಸ್ತೆಯ ಬಾಯಲ್ಲೂ ಹೊರಹೋಗುವ ಕಾರು ನಿಮ್ಮನ್ನು ಅಡ್ಡಗಟ್ಟುತ್ತದೆ. ಲೇನಿನ ನಡುವಿಗಿದ್ದು, ನಿಮ್ಮ ರಸ್ತೆಯ ಹಿಂದಿನ ರಸ್ತೆ ದಾಟಿದ ಕೂಡಲೇ ಎಡಗೈ ತೋರಿಸಿ ಹೊರಬನ್ನಿ.

ಮಳೆ ಮತ್ತು ಕತ್ತಲು

ಒದ್ದೆಯಾದ ರಿಮ್ ಬ್ರೇಕ್ ಹಿಡಿದ ಕೂಡಲೇ ಕಚ್ಚುವುದಿಲ್ಲ, ರಬ್ಬರು ನೀರು ಒರೆಸುವವರೆಗೆ ಚಕ್ರ ಒಂದೆರಡು ಸುತ್ತು ಹಾಗೇ ಹೋಗುತ್ತದೆ. ಜಂಕ್ಷನ್ನಿಗೆ 30 ಮೀಟರ್ ಇರುವಾಗ ಬ್ರೇಕನ್ನು ಹಗುರಾಗಿ ಉಜ್ಜಿ ಒರೆಸಿಕೊಳ್ಳಿ. ಬಿಳಿ ಪಟ್ಟೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕನ್ನೂ ಹಿಡಿಯಬೇಡಿ, ಸೈಕಲ್ಲನ್ನೂ ವಾಲಿಸಬೇಡಿ. ಬೇಸಿಗೆಯ ನಂತರದ ಮೊದಲ ಮಳೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಎಣ್ಣೆ ಮೇಲೇಳುವುದರಿಂದ ವಾಹನ ನಿಂತು ಹೊರಡುವ ಸ್ಟಾಪ್ ಲೈನಿನ ಹತ್ತಿರವೇ ಅತಿ ಹೆಚ್ಚು ಜಾರುತ್ತದೆ.

ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಜಂಕ್ಷನ್ನಿನಲ್ಲಿ ವಾಹನ ಬರುವುದು ಪಕ್ಕದಿಂದ, ಆ ಕಡೆಗೆ ಎರಡು ದೀಪವೂ ಸರಿಯಾಗಿ ಕಾಣುವುದಿಲ್ಲ. ಎರಡೂ ಚಕ್ರದ ಕಡ್ಡಿಗಳಿಗೆ ರಿಫ್ಲೆಕ್ಟರ್ ಹಾಕಿ, ಪ್ಯಾಂಟಿನ ಕಾಲಿಗೆ ಹೊಳೆಯುವ ಪಟ್ಟಿ ಸುತ್ತಿ. ಮೇಲೆ ಕೆಳಗೆ ಆಡುವ ಕಣಕಾಲನ್ನು ಡ್ರೈವರ್ ಕಣ್ಣು ಸೈಕಲ್ ಎಂದು ಬೇಗ ಗುರುತಿಸುತ್ತದೆ. ಕ್ಯಾರಿಯರಿಗೆ ಕಟ್ಟಿದ ಬ್ಯಾಗ್ ಹಿಂದಿನ ದೀಪವನ್ನು ಮುಚ್ಚಿದೆಯೇ ಎಂದು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.

ಕಾರು ಓಡಿಸುವವರಿಗೆ

ಎಡಕ್ಕೆ ತಿರುಗುವ ಮುನ್ನಿನ 30 ಮೀಟರಿನಲ್ಲಿ ಸೈಕಲ್ಲನ್ನು ಓವರ್‌ಟೇಕ್ ಮಾಡಬೇಡಿ, ಹಿಂದೆಯೇ ಬನ್ನಿ. ಅದರಿಂದ ಕಳೆಯುವುದು ನಾಲ್ಕೈದು ಸೆಕೆಂಡು. ಹಸಿರು ಬಂದಾಗ ಮುಂದಿರುವ ಸೈಕಲ್ಲಿಗೆ ಸ್ಥಿರವಾಗಲು ಮೂರು ಸೆಕೆಂಡು ಕೊಡಿ; ಹಿಂದಿನಿಂದ ಹಾರನ್ ಬಿದ್ದರೆ ಹೊಸಬರು ತಿರುಗಿ ನೋಡಿ ವಾಲುತ್ತಾರೆ. ಬಾಗಿಲನ್ನು ಹತ್ತಿರದ ಕೈಯಲ್ಲಿ ತೆರೆಯಬೇಡಿ. ಡ್ರೈವರ್ ಎಡಗೈ ಬಳಸಲಿ, ಎಡಗಡೆ ಕೂತವರು ಬಲಗೈ ಬಳಸಲಿ, ಆಗ ಮೈ ತಾನಾಗಿ ಹಿಂದಕ್ಕೆ ಹೊರಳಿ ಕಣ್ಣು ರಸ್ತೆ ಕಡೆ ಹೋಗುತ್ತದೆ. ದಾರಿ ಬಿಟ್ಟವರಿಗೆ ಸೈಕಲ್ಲಿನವರು ಒಂದು ಕೈ ಎತ್ತಿ ತೋರಿಸಿ. ಆ ಡ್ರೈವರ್ ಮುಂದಿನ ಸಿಗ್ನಲ್ಲಿನಲ್ಲಿ ಇನ್ನೊಂದು ಸೈಕಲ್ಲಿಗೂ ದಾರಿ ಬಿಡುವ ಸಾಧ್ಯತೆಯಿದೆ.

ದಾಟಿದ ಮೇಲಿನ 20 ಮೀಟರ್

ನಮ್ಮಲ್ಲಿ ಬಹಳಷ್ಟು ಬಸ್ ಸ್ಟಾಪ್‌ಗಳು ಜಂಕ್ಷನ್ ದಾಟಿದ ಕೂಡಲೇ ಇರುತ್ತವೆ. ನಿಮ್ಮ ಹಿಂದೆಯೇ ಹೊರಟ ಬಸ್ ನಿಮ್ಮನ್ನು ಹಾದು ಎಡಕ್ಕೆ ಬಂದು ನಿಲ್ಲುತ್ತದೆ, ಆಟೊಗಳೂ ಅಲ್ಲಿಗೇ ನುಗ್ಗುತ್ತವೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಹೋಗಬೇಡಿ, ಬಾಗಿಲಿನಿಂದ ಜನ ನೇರ ನಿಮ್ಮ ಮುಂದಿನ ಚಕ್ರದ ಮೇಲೇ ಇಳಿಯುತ್ತಾರೆ. ಬಸ್ಸಿನ ಹಿಂದೆ ಮೂರು ಮೀಟರ್ ಬಿಟ್ಟು ನಿಲ್ಲಿ. ಬಲಗಡೆಯಿಂದ ದಾಟಲೇಬೇಕೆಂದರೆ ಮೊದಲು ಅದರ ಬಲ ಇಂಡಿಕೇಟರ್ ನೋಡಿ. ಅದು ಮಿನುಗುತ್ತಿದ್ದರೆ, ಅಥವಾ ಕಂಡಕ್ಟರ್ ‘ರೈಟ್’ ಎಂದು ಕೂಗಿದ್ದು ಕೇಳಿಸಿದರೆ, ಬಸ್ ಹೊರಡುವವರೆಗೆ ಅಲ್ಲೇ ಇರಿ.